ಕತ್ತರಿ ತಾಗಿದ ರೆಕಾರ್ಡು

ತಮ್ಮಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೂ ಅಕ್ಕನ ಅಕ್ಷರ ಕಂಡರೆ ನೀನು ಒಡೆದು ಓದುವವನಲ್ಲ.

ಇವತ್ತು ರೆಕಾರ್ಡ್ ಪ್ಲೇಯರ್ ಕೊಂಡೆ. ಅಂಗಡಿಯವನು ಮಿಣಮಿಣ ದೀಪದ್ದನ್ನೆಲ್ಲ ತೋರಿಸಿದ.

"ದೀಪ ನೋಡೋಕೆ ಬಂದಿಲ್ಲ ಕಣಪ್ಪ. ಕಡಿಮೆ ಬೆಲೇದು, ನೆಟ್ಟಗೆ ಹಾಡೋದು ಕೊಡು."

"ಹಾಗಾದ್ರೆ ಇದೇ ತಗೊಳ್ಳಿ ಅಮ್ಮ. ಸ್ಪೀಕರ್ ಒಳಗೇ ಇದೆ, ಸೂಜಿ ಹಗುರ, ರೆಕಾರ್ಡ್ ಗೀಚಲ್ಲ."

ನೀನು ಬಿಟ್ಟುಹೋದ ರೆಕಾರ್ಡನ್ನು ಚೀಲದಿಂದ ತೆಗೆದುಕೊಟ್ಟೆ. ಅಂಚು ಸವರಿ ನೋಡಿ, "ಇಲಿ ಕಡೀತಾ?" ಅಂದ.

ಇಲಿಯಲ್ಲ, ನಾನು. ಪ್ಲೇಯರ್ ಇಲ್ಲದೆ ರೆಕಾರ್ಡ್ ತಂದ ಪೆದ್ದ ಎಂದು ನಿನ್ನನ್ನು ಹಂಗಿಸಿ, ಕುಶನ್ ಕವರಿನ ಬಟ್ಟೆ ಗುಂಡಗೆ ಕತ್ತರಿಸಲು ಅದನ್ನೇ ಅಳತೆಗೆ ಇಟ್ಟುಕೊಂಡಿದ್ದೆನಲ್ಲ. ಕತ್ತರಿ ತಾಗಿ ತಾಗಿ ಅಂಚೆಲ್ಲ ಗಾಯ. ಅದನ್ನು ಕಂಡ ದಿನ ನೀನು ಚಪ್ಪಲಿ ಮೆಟ್ಟಿ ಹೊರಟೆ. "ಹೋಗು, ಯಾರು ಕರೀತಾರೆ ನಿನ್ನ!" ಅಂದೆ ನಾನು. ಕರೆಯಲೂ ಇಲ್ಲ.

ಮನೆಗೆ ಬಂದು ಹಾಕಿದೆ. ಎರಡನೆಯ ಹಾಡಿನಿಂದ ಎಲ್ಲ ಸರಿಯಾಗಿದೆ. ಅಂಚಿಗಿರುವ ಮೊದಲನೆಯದರ ತುಂಬ ನನ್ನ ಹೊಲಿಗೆ ಮಷೀನಿನ ಹಾಗೆ ಟಕಟಕ ಸದ್ದು. ಸೂಜಿ ಎತ್ತಿ ಮುಂದಿಡುವುದನ್ನು ಅಂಗಡಿಯವನು ಹೇಳಿಕೊಟ್ಟಿದ್ದ. ನಾನು ಎತ್ತಲಿಲ್ಲ, ಕೊನೆಯವರೆಗೂ ಕೂತು ಕೇಳಿದೆ.

ಆ ಮೊದಲ ಹಾಡಿಗಾಗಿಯೇ ನೀನು ಅದನ್ನು ತಂದಿದ್ದೆ. ನೀನೇ ಒಂದು ಸಲವೂ ಕೇಳಲಿಲ್ಲ.