ಮೂರು ಸಲ ಮೆತ್ತಿದ ಅಂಟು

ಆಗಸ್ಟ್ ೬, ಬುಧವಾರ

ಮಳೆ ಬಂತು, ನನ್ನ ಪಿಕಪ್‌ನ ಸೀಟಿನ ಹಿಂದೆ ಮತ್ತೆ ನೀರು ನಿಂತಿತು. ಮೆಕ್ಯಾನಿಕ್ ಮೂರು ಸಲ ಹಿಂದಿನ ಗಾಜಿನ ಸುತ್ತ ಅಂಟು ಮೆತ್ತಿ ಕೈತೊಳೆದುಕೊಂಡಿದ್ದಾನೆ. "ಮಾರಿಬಿಡಮ್ಮ, ಹೆಂಗಸಿಗೆ ಯಾಕೆ ಈ ತಲೆನೋವು?" ಅಂದರು ಭಾವ. ನಾಳೆ ಗಿರಾಕಿಯನ್ನೂ ಕರೆತರುತ್ತಾರಂತೆ.

ಸಿಟ್ಟು ನೆತ್ತಿಗೇರಿತು. ನಾನು ಒಳಗೆ ಕೂತೆ, ಅತ್ತೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟರು. ಹನಿ ಇಳಿದದ್ದು ಗಾಜಿನಿಂದಲ್ಲ, ಅದರ ಮೇಲಿರುವ ಬ್ರೇಕ್ ಲೈಟಿನಿಂದ! ಬಿಚ್ಚಿದೆ, ಒಳಗಿನ ರಬ್ಬರ್ ಪಟ್ಟಿ ಬೆರಳು ತಾಗಿದ್ದೇ ಪುಡಿಯಾಯಿತು. ಹಳೇ ಸೈಕಲ್ ಟ್ಯೂಬು ಕತ್ತರಿಸಿ ಕೂರಿಸಿದೆ. ಆಮೇಲೆ ಅರ್ಧ ಗಂಟೆ ನೀರು ಬಿಟ್ಟರೂ ಒಂದು ಹನಿ ಇಳಿಯಲಿಲ್ಲ.

ಮಾರುವುದಿಲ್ಲ. ನಾಳೆ ಭಾವನನ್ನೇ ಒಳಗೆ ಕೂರಿಸಿ ನೀರು ಬಿಡುತ್ತೇನೆ ಅಂದೆ.

"ಪೈಪು ನಾನು ಹಿಡೀತೀನಿ," ಅಂದರು ಅತ್ತೆ, ಭಾವನ ಹೆತ್ತ ತಾಯಿ. "ನೀನು ಕಿಟಕಿ ಗಾಜು ಇಳಿಸಿಡು, ಸಾಕು."