ಮುಂದಿನ ಶಾಫ್ಟ್ ಇಲ್ಲದ ಗಾಡಿ

ಗುರುವಾರ, ಬೆಳಿಗ್ಗೆ

ನನ್ನ ಮಗಳ ಅಪ್ಪನಿಗೆ,

ಕ್ಷೇಮ ಕೇಳುವುದಕ್ಕೆ ಬರೆಯುತ್ತಿಲ್ಲ. ನೀವು ಗಟ್ಟಿಮುಟ್ಟಾಗಿಯೇ ಇದ್ದೀರಿ ಅಂತ ನಿಮ್ಮ ವೆಲ್ಡಿಂಗ್ ನೋಡಿ ಗೊತ್ತಾಯಿತು. ಕೈ ಒಂದಿಷ್ಟೂ ನಡುಗಿಲ್ಲ. ಮನಸ್ಸೂ ನಡುಗಿಲ್ಲ, ಅದೇ ನನಗೆ ಹೊಟ್ಟೆ ಉರಿ.

ಹೋದ ವಾರ ನಿಮ್ಮ ಶೆಡ್ಡಿಗೆ ಕನ್ನಡಕ ಹಾಕಿಕೊಂಡ ಒಬ್ಬ ಸಣಕಲ ಬಂದು ಬಿಳಿ ಡೀಸೆಲ್ ಗಾಡಿ ಕೊಂಡುಹೋದನಲ್ಲ, ನಾಲ್ಕೂ ಚಕ್ರ ಎಳೆಯುತ್ತವೆ ಅಂತ ಹೇಳಿ ನೀವು ಮಾರಿದ ಗಾಡಿ, ಅವನು ಯಾರು ಗೊತ್ತೇ? ನಿಮ್ಮ ಅಳಿಯ. "ಸೂಜಿ ಹಿಡಿಯೋ ಗಂಡಸಿಗೆ ನನ್ನ ಮಗಳನ್ನ ಕೊಡಲ್ಲ" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ, ಮದುವೆಗೆ ಬರದೆ ಪೆಟ್ಟಿಗೆ ಎತ್ತಿಕೊಂಡು ಹೋದಿರಲ್ಲ, ಆ ಟೈಲರ್. ಅವತ್ತು ಫೋಟೋ ತೋರಿಸಿದರೆ ಗೋಡೆ ಕಡೆ ತಿರುಗಿದಿರಿ. ಕತ್ತು ಇತ್ತ ತಿರುಗಿಸಿದ್ದರೆ ಇವತ್ತು ಗುರುತಾದರೂ ಹತ್ತುತ್ತಿತ್ತು. ಅವನಿಗೆ ನೀವು ಯಾರೋ, ನಿಮಗೆ ಅವನು ಯಾರೋ. ಕಾಗದದಲ್ಲಿ ಇರುವುದು ಹಳೆಯ ಮಾಲೀಕನ ಹೆಸರು. ಚೆನ್ನಾಗಿದೆ ವ್ಯಾಪಾರ.

ಗಾಡಿ ಯಾರಿಗೆ ಅಂತಲೂ ಕೇಳಿ. ನಮ್ಮ ಮಗಳು ಈಗ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನರ್ಸ್. ಮೇಲಿನ ಹಳ್ಳಿಗಳಿಗೆ ಹೋಗುವುದು ಮಣ್ಣಿನ ದಾರಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಹೆರಿಗೆ ನೋವು ಬಂದವಳನ್ನು ಕೆಳಗಿನ ದೊಡ್ಡ ಆಸ್ಪತ್ರೆಗೆ ಇಳಿಸುವುದು ಇವಳೇ. ಅವಳ ಪುಟ್ಟ ಕಾರು ಕೆಸರಿನಲ್ಲಿ ಕೂತುಬಿಡುತ್ತದೆ ಅಂತ ಗಂಡ ಹಗಲೂ ರಾತ್ರಿ ಹೊಲಿಗೆ ಮಿಷನ್ ತುಳಿದು ಈ ಗಾಡಿ ತಂದ. ಸೋಮವಾರ ಮೊದಲ ಸಲ ಮೇಲಕ್ಕೆ ಒಯ್ಯುತ್ತಾಳಂತೆ.

ಗಾಡಿ ಅಂಗಳಕ್ಕೆ ಬಂದ ದಿನ ನಾನು ಒಂದೇ ಮಾತು ಕೇಳಿದೆ. "ನೀನು ಹೋದಾಗ ಎಂಜಿನ್ ತಣ್ಣಗಿತ್ತೇನಪ್ಪಾ?" ಅವನ ಮುಖ ಅರಳಿತು. "ಅಯ್ಯೋ ಅತ್ತೆ, ಅವ್ರು ಎಷ್ಟು ಒಳ್ಳೇವ್ರು ಅಂದ್ರೆ, ಬಸ್‌ಸ್ಟ್ಯಾಂಡಿಗೆ ಆ ಗಾಡೀಲೇ ಬಂದು ನನ್ನ ಕರ್ಕೊಂಡು ಹೋದ್ರು. ಆಟೋ ಕೂಡ ಹಿಡಿಯೋಕೆ ಬಿಡ್ಲಿಲ್ಲ."

ನನಗೆ ಆಗಲೇ ಮೈ ಉರಿಯಿತು. ಮಾರುವವನು ಅದೇ ಗಾಡಿಯಲ್ಲಿ ಎದುರುಗೊಳ್ಳುವುದಕ್ಕೆ ಬಂದರೆ ಉಪಚಾರ ಅಲ್ಲ ಕಣೇ, ರೋಗ ಮುಚ್ಚುವುದಕ್ಕೆ ಎಂಜಿನ್ ಬಿಸಿ ಮಾಡಿಕೊಂಡು ಬಂದಿರುತ್ತಾನೆ ಅಂತ ನನಗೆ ಹೇಳಿಕೊಟ್ಟವರು ಯಾರು ರೀ? ಮೊದಲು ಬಾನೆಟ್ ಮೇಲೆ ಕೈ ಇಡು, ಬೆಚ್ಚಗಿದ್ದರೆ ಬಾಯಿ ಮುಚ್ಚಿಕೊಂಡು ವಾಪಸ್ ಬಾ, ಇನ್ನೊಂದು ದಿನ ಹೇಳದೆ ಕೇಳದೆ ಹೋಗು ಅಂದವರು ಯಾರು? ಹೊಸ ಸೀರೆ ಉಟ್ಟುಕೊಂಡಿದ್ದವಳನ್ನು ಗಾಡಿ ಅಡಿ ಮಲಗಿಸಿ, ಕೈಗೆ ಟಾರ್ಚು ಕೊಟ್ಟು, "ಮೇಲ್ಗಡೆ ಬಣ್ಣ ನೋಡೋನು ಮೂರ್ಖ" ಅಂತ ಪಾಠ ಮಾಡಿದವರು? ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ನನಗೆ ಬಂದ ವಿದ್ಯೆ ನೀವು ಕೊಟ್ಟದ್ದೊಂದೇ. ಅದರಿಂದಲೇ ಈಗ ನಿಮ್ಮ ಕಳ್ಳತನ ಹಿಡಿದೆ, ಅನುಭವಿಸಿ.

ಮರುದಿನ ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಕೀಲಿ ತಿರುಗಿಸಿದೆ. ತಣ್ಣಗಿನ ಎಂಜಿನ್ನು ಕೆಮ್ಮಿತು, ಕ್ಯಾಕರಿಸಿತು, ಹತ್ತಲೋ ಬೇಡವೋ ಅಂತು. ಕಡೆಗೆ ಹತ್ತಿತು ನೋಡಿ, ನೀಲಿ ಹೊಗೆಗೆ ಅಂಗಳವೇ ಮಾಯ. ಪಕ್ಕದ ಮನೆಯಾಕೆ ಗೋಡೆ ಆಚೆಯಿಂದ, "ಸೊಳ್ಳೆಗೆ ಹೊಗೆ ಹಾಕೋಕೆ ಬಂದ್ರಾ ಅಕ್ಕಾ? ನಮ್ಮನೆಗೂ ಸ್ವಲ್ಪ ಬಿಡಿ ಅನ್ನಿ" ಅಂದಳು. ಕರಿ ಹೊಗೆಯಾದರೆ ಫಿಲ್ಟರು, ನಾಜಲ್ಲು ಅಂತ ಸಮಾಧಾನ ಮಾಡಿಕೊಳ್ಳಬಹುದು. ನೀಲಿ ಹೊಗೆ ಅಂದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ. ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಬಿಚ್ಚಿದೆ. ಕುಲುಮೆಯ ತಿದಿಯ ಹಾಗೆ ಬುಸುಬುಸು ಉಸಿರು. ಒಳಗೆಲ್ಲ ಸವೆದು ಹೋಗಿದೆ. ಹೋಗಲಿ, ಮುದಿ ಎಂಜಿನ್ನು, ನಮಗೂ ವಯಸ್ಸಾಯಿತು ಅಂದುಕೊಂಡೆ.

ಆಮೇಲೆ ಗೋಣಿಚೀಲ ಹಾಸಿ ಅಡಿಗೆ ನುಗ್ಗಿದೆ. ಈ ವಯಸ್ಸಿನಲ್ಲಿ ನುಗ್ಗುವುದು ಕಷ್ಟ, ಏಳುವುದು ಇನ್ನೂ ಕಷ್ಟ. ಅಡಿಯ ಕಬ್ಬಿಣದ ಚೌಕಟ್ಟಿಗೆಲ್ಲ ಹೊಸ ಕಪ್ಪು ಬಣ್ಣ, ಇನ್ನೂ ವಾಸನೆ ಹೋಗಿಲ್ಲ. ಸ್ಪ್ಯಾನರಿನಿಂದ ಬಡಿಯುತ್ತಾ ಹೋದೆ. ಒಳ್ಳೆಯ ಕಬ್ಬಿಣ ಟಣ್ ಅನ್ನುತ್ತದೆ. ಹಿಂದಿನ ಸ್ಪ್ರಿಂಗ್ ಪಟ್ಟಿ ಹಿಡಿದಿರುವ ಜಾಗದಲ್ಲಿ ಡಬ್ ಅಂತು. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಯಿತು. ಆ ತುಕ್ಕಿನ ಮೇಲೆ ಒಂದು ತಗಡು ಕೂರಿಸಿ ಸುತ್ತ ವೆಲ್ಡಿಂಗ್. ಪ್ರತಿ ಗೆರೆಯ ಕೊನೆಯಲ್ಲೂ ಹಿಂದಕ್ಕೊಂದು ಸಣ್ಣ ಕೊಕ್ಕೆ. ಜಗತ್ತಿನಲ್ಲಿ ವೆಲ್ಡಿಂಗ್ ಹಾಗೆ ಮುಗಿಸುವ ಮನುಷ್ಯ ಒಬ್ಬನೇ. ನಮ್ಮ ಮನೆ ಗೇಟಿನಲ್ಲೂ ಅದೇ ಕೊಕ್ಕೆ, ಮಗಳ ತೊಟ್ಟಿಲ ಸ್ಟ್ಯಾಂಡಿನಲ್ಲೂ ಅದೇ ಕೊಕ್ಕೆ. ಅಲ್ಲೇ ಮಣ್ಣಿನಲ್ಲಿ ಮಲಗಿ ನಿಮಗೆ ಬಾಯಿಗೆ ಬಂದ ಹಾಗೆ ಬೈದೆ. ಬೀದಿಯವರು ಗಾಡಿಗೆ ಬೈಯುತ್ತಿದ್ದೇನೆ ಅಂದುಕೊಂಡಿರಬೇಕು.

ಮುಗಿಯಿತು ಅಂದುಕೊಂಡರೆ ಇಲ್ಲ. ತೆವಳಿಕೊಂಡು ಮುಂದೆ ಬಂದೆ. ಗೇರ್ ಪೆಟ್ಟಿಗೆಯಿಂದ ಮುಂದಕ್ಕೆ ಹೋಗಿ ಮುಂದಿನ ಚಕ್ರಗಳನ್ನು ತಿರುಗಿಸಬೇಕಾದ ಶಾಫ್ಟೇ ಇಲ್ಲ! ಸಡಿಲ ಅಲ್ಲ, ಮುರಿದಿಲ್ಲ, ಇಲ್ಲವೇ ಇಲ್ಲ. ಬಿಚ್ಚಿ ಎರಡೂ ತುದಿ ನೀಟಾಗಿ ಒರೆಸಿ ಬಿಟ್ಟಿದ್ದೀರಿ. ಯಾಕೆ ಬಿಚ್ಚಿದಿರಿ ಅಂತಲೂ ಹೇಳುತ್ತೇನೆ. ಮುಂದಿನ ಟೈರು ಒಂದು ಅಳತೆ, ಹಿಂದಿನದು ಒಂದು ಅಳತೆ. ಹಾಗೆ ಓಡಿಸಿ ಓಡಿಸಿ ಯಾರೋ ಪುಣ್ಯಾತ್ಮ ಎಲ್ಲ ಹಾಳು ಮಾಡಿದ್ದಾನೆ, ಶಾಫ್ಟ್ ಕಟಕಟ ಸದ್ದು ಮಾಡಿರಬೇಕು. ಸದ್ದು ಬಂದರೆ ಕೊಳ್ಳುವವನು ಕಿವಿ ನಿಮಿರಿಸುತ್ತಾನೆ. ತೆಗೆದುಹಾಕಿದರೆ ಗಾಡಿ ಬೆಣ್ಣೆಯ ಹಾಗೆ ಹೋಗುತ್ತದೆ. ಚಿಕ್ಕ ಲಿವರ್ ಎಳೆದರೆ, ನಾಲ್ಕೂ ಚಕ್ರ ಎಳೆಯುತ್ತಿವೆ ಅಂತ ಕಣ್ಣೆದುರು ಹಸಿರು ದೀಪವೂ ಹತ್ತುತ್ತದೆ. ನನ್ನ ಮಗಳು ಆ ದೀಪ ನಂಬಿಕೊಂಡು, ಹಿಂದಿನ ಸೀಟಿನಲ್ಲಿ ಬಸುರಿಯನ್ನು ಮಲಗಿಸಿಕೊಂಡು, ಕೆಸರಿನ ಏರಿನಲ್ಲಿ ನಿಲ್ಲಬೇಕಿತ್ತು. ಆ ಕಡೆ ಮುಂದಿನ ಚಕ್ರ ಎಳೆಯುವುದಿಲ್ಲ, ಈ ಕಡೆ ಹಿಂದಿನ ಸ್ಪ್ರಿಂಗು ಹಪ್ಪಳದ ಮೇಲೆ ಕೂತಿದೆ.

ನಮ್ಮ ಮಗಳು ಅಂತ ಗೊತ್ತಿರಲಿಲ್ಲ ಅನ್ನಬೇಡಿ. ಹಾಗಾದರೆ ಬೇರೆ ಯಾರದೋ ಮಗಳಾಗಿದ್ದರೆ ಪರವಾಗಿಲ್ಲವೇ? ನೀವು ಜಗಳಗಂಟ, ಹಟಮಾರಿ, ಊಟದ ತಟ್ಟೆ ಎಸೆಯುವವರು, ಎಲ್ಲ ಒಪ್ಪಿದೆ. ಮೋಸಗಾರ ಆಗಿರಲಿಲ್ಲ. ಶೆಡ್ಡಿನಲ್ಲಿ ಒಬ್ಬರೇ ಕೂತು ಇದನ್ನು ಯಾವಾಗ ಕಲಿತಿರಿ?

ಬ್ಯಾಟರಿ ವೈರು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಿದ್ದೇನೆ. ಬ್ಯಾಟರಿ ಸತ್ತಿದೆ ಅಂತ ಮಗಳಿಗೆ ಸುಳ್ಳು ಹೇಳಿದೆ. "ಅಮ್ಮಾ, ಆಸ್ಪತ್ರೆ ಹತ್ರ ಒಬ್ಬ ಮೆಕ್ಯಾನಿಕ್ ಇದಾನೆ, ಕರೀಲಾ?" ಅಂದಳು. ಬೇಡ ಅಂತ ರೇಗಿದೆ. ಅವನು ಬಂದರೆ ಅಡಿಗೆ ಬಗ್ಗುತ್ತಾನೆ, ನೋಡುತ್ತಾನೆ, ಯಾರ ಕೈಕೆಲಸ ಅಂತ ಹುಡುಕುತ್ತಾನೆ. ನಿಮ್ಮ ಮರ್ಯಾದೆ ಉಳಿಸುವುದಕ್ಕೆ ನನ್ನ ಮಗಳ ಮೇಲೆ ರೇಗಬೇಕಾಯಿತು. ಅದಕ್ಕೂ ಸೇರಿಸಿ ನಿಮಗೆ ಶಾಪ ಹಾಕಿದ್ದೇನೆ.

ಭಾನುವಾರ ಬನ್ನಿ. ದುಡ್ಡು ಕಳಿಸಿ ಕೈ ತೊಳೆದುಕೊಳ್ಳುತ್ತೇನೆ ಅಂದರೆ ನಾನು ಸುಮ್ಮನಿರುವವಳಲ್ಲ. ಶಾಫ್ಟ್, ಒಂದೇ ಅಳತೆಯ ಟೈರು, ದಪ್ಪ ಕಬ್ಬಿಣ ತನ್ನಿ. ತುಕ್ಕನ್ನು ಬುಡ ಸಮೇತ ಕೊಯ್ದು ತೆಗೆದು ಕೆಲಸ ಮಾಡಿ. ಆಗದಿದ್ದರೆ ಗಾಡಿಯನ್ನು ಗುಜರಿಗೆ ಎಳೆದುಕೊಂಡು ಹೋಗಿ ಬೇರೆ ತಂದುಕೊಡಿ. ಟಾರ್ಚು ನಾನು ಹಿಡಿಯುತ್ತೇನೆ. ಬರದಿದ್ದರೆ ಸೋಮವಾರ ಬೆಳಿಗ್ಗೆ ಮಗಳನ್ನು ಗಾಡಿ ಅಡಿಗೆ ಕರೆದುಕೊಂಡು ಹೋಗಿ ಅಪ್ಪನ ಕೊಕ್ಕೆ ತೋರಿಸುತ್ತೇನೆ.

ಇನ್ನೂ ನಿಮ್ಮ ಹೆಂಡತಿ ಅನ್ನಿಸಿಕೊಳ್ಳುತ್ತಿರುವ,
ನಾನೇ

ಮರೆತದ್ದಲ್ಲ, ಈಗ ತಿಳಿದದ್ದು: ಅಂಟಿಸಿದ ಕವರನ್ನು ಅಂಚೆಗೆ ಹಾಕು ಅಂತ ಅಳಿಯನ ಕೈಗೆ ಕೊಟ್ಟೆ. ವಿಳಾಸ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. "ಅತ್ತೆ, ಅವ್ರು ಮಾವ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಅಲ್ಲಿಗೆ ಹೋದೆ" ಅಂದ. ಗೋಡೆ ಮೇಲಿನ ನಿಮ್ಮ ಫೋಟೋ ದಿನಾ ನೋಡುತ್ತಾನಂತೆ. ಅದು ಇನ್ನೂ ಅಲ್ಲೇ ಯಾಕಿದೆ ಅಂತ ನೀವು ಕೇಳಬೇಡಿ. ಗೊತ್ತಿದ್ದವನು ಬಗ್ಗಿ ಅಡಿ ಯಾಕೆ ನೋಡಲಿಲ್ಲ ಅಂತ ಬೈದೆ. "ಮೊದಲನೇ ಸಲ ಸಿಕ್ಕಿರೋ ಮಾವನ ಎದುರು ಗಾಡಿ ಅಡಿ ಬಗ್ಗಿ ನೋಡೋಕೆ ಆಗುತ್ತಾ ಅತ್ತೆ? ಅವ್ರನ್ನ ನಂಬಲ್ಲ ಅಂದ ಹಾಗಾಗಲ್ವಾ?" ಅಂದ. ಅದಕ್ಕೇ ಕವರು ಹರಿದು ಮತ್ತೆ ಬರೆಯುತ್ತಿದ್ದೇನೆ. ಹೊರಡುವಾಗ ನೀವು ಅವನ ಹೆಗಲು ತಟ್ಟಿ, "ಸ್ವಂತ ಮಗಳ ಥರ ನೋಡ್ಕೊಂಡಿದೀನಿ ಇದನ್ನ, ಜೋಪಾನ" ಅಂದಿರಂತೆ. ಗುರುತು ಹಿಡಿದೇ ಹಾಗೆ ಹೇಳಿದಿರಿ ಅಂದುಕೊಂಡು, ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡು ಓಡಿಸಿಕೊಂಡು ಬಂದನಂತೆ.