ಬೇಗ ಬಂದ ಜಾತಕ

ವಿಜಯನಗರ, ಬೆಂಗಳೂರು
12 ಫೆಬ್ರುವರಿ 2025, ಬುಧವಾರ

ಪ್ರೀತಿಯ ಲಕ್ಷ್ಮೀ,

ನಿಮ್ಮಕ್ಕನ ಮಂಡಿ ಹೇಗಿದೆ? ಆಪರೇಷನ್ ಆದ ಕಾಲು ಮಡಚಿ ಕೂರಲು ಬಿಡಬೇಡ, ಹನುಮಕ್ಕನವರ ಹಟ ಗೊತ್ತಲ್ಲ. ನಿನ್ನ ಬೆನ್ನುನೋವು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ಹುಳಿ ಮಾಡಲು ಬರುತ್ತದೆ, ಮಾಡಿದ್ದನ್ನು ತಿನ್ನಲು ಬರುವುದಿಲ್ಲ ಅಷ್ಟೇ.

ಈಗ ಬೈಸಿಕೊಳ್ಳುವ ವಿಷಯ. ತುಮಕೂರಿನ ಬಸ್ ಹತ್ತುವಾಗಲೂ ನೀನು "ನನ್ನ ಕಂಪ್ಯೂಟರ್ ಮಾತ್ರ ಮುಟ್ಬೇಡಿ" ಎಂದಿದ್ದೆ. ಮುಟ್ಟಿದೆ ಕಣೇ. ನಿನ್ನ ಜಾತಕದ ಪ್ರೋಗ್ರಾಂ ವಿಂಡೋಸ್ 98 ಬಿಟ್ಟು ಬೇರೆಯದರಲ್ಲಿ ಓಡುವುದಿಲ್ಲ, ಸರಿ. ಆದರೆ ಅದಕ್ಕೆ ಆ ಕಾಲದ ಮುದಿ ಮೆಷೀನೇ ಬೇಕೆಂದು ಯಾರು ಹೇಳಿದರು? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರು ಹಿಡಿದು ರಿಟೈರಾದ ಕೈ ಸುಮ್ಮನಿರುತ್ತದೆಯೇ. ಎಸ್.ಪಿ. ರೋಡಿಗೆ ಹೋಗಿ, ಆ ವಿಂಡೋಸ್ ಒಪ್ಪುವ ಬೋರ್ಡುಗಳಲ್ಲೇ ಎಲ್ಲಕ್ಕಿಂತ ಜೋರಾದದ್ದು, ಅದಕ್ಕೆ ತಕ್ಕ ಪ್ರೊಸೆಸರ್, ಮೂರು ಫ್ಯಾನಿನ ಕ್ಯಾಬಿನೆಟ್ ತಂದು ಜೋಡಿಸಿದೆ. ಆಸೆಗೆ ಮೆಮೊರಿ ತುಂಬಾ ತುರುಕಿದ್ದಕ್ಕೆ ಆ ಹಳೆಯ ವಿಂಡೋಸ್ ತಡೆಯಲಾರದೆ ಏಳಲೇ ಇಲ್ಲ, ಅರ್ಧ ಕಿತ್ತ ಮೇಲೆ ಎದ್ದಿತು. ಎದ್ದಿದ್ದೇ ಎದ್ದಿದ್ದು, ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಜಾತಕ ತಯಾರು. ಖುಷಿಗೆ ಒಬ್ಬನೇ ಎರಡು ಲೋಟ ಕಾಫಿ ಕುಡಿದೆ.

ನಿನ್ನೆ ಹೆಗ್ಗನಹಳ್ಳಿಯಿಂದ ನಿನ್ನ ಹಳೆಯ ಗಿರಾಕಿ ಅಕ್ಕವ್ವ ಬಂದರು. ಮಗಳು ಕೀರ್ತನಾಳದ್ದೂ ಗಂಡಿನದ್ದೂ ಹೊಂದಾಣಿಕೆ ನೋಡಬೇಕಿತ್ತಂತೆ. ನೀನಿಲ್ಲ ಎಂದು ಹೇಳಿಯೂ ಒಳಗೆ ಕರೆದೆ, ಮೆಷೀನ್ ತೋರಿಸುವ ಚಪಲ. ಅವರು ಚಪ್ಪಲಿ ಬಿಟ್ಟು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಪ್ರಿಂಟು ಕೈಗಿಟ್ಟೆ. "ಇಷ್ಟು ಬೇಗ ಬಂದ್ಬಿಡ್ತಾ ಸಾರ್?" ಎಂದರು. ನಾನೋ, ಹೊಗಳಿದರೆಂದು ಹಿಗ್ಗಿದೆ. ಗೇಟಿನ ಹತ್ತಿರ ನಿಂತು, "ಹುಡುಗಿ ಊಟ ಬಿಟ್ಟವ್ಳೆ ಸಾರ್" ಎಂದರು. ಗುಣ ಚೆನ್ನಾಗಿ ಕೂಡಿವೆ, ಹೆದರಬೇಡಿ ಎಂದು ನಾನು ಗೇಟು ಹಾಕಿದೆ.

ಗೇಟು ಹಾಕಿಕೊಂಡು ಬಂದು ಕೂತಾಗ ನಿನ್ನ ಹಳೆಯ ಕಂಪ್ಯೂಟರ್ ನೆನಪಾಯಿತು. ಅದು ತಿಣುಕುತ್ತಾ ಮುಲುಗುತ್ತಾ ಕುಂಡಲಿ ಬಿಡಿಸುವಾಗ ನೀನು ಕಾಫಿ ಕೊಟ್ಟು ಬಂದ ಹೆಂಗಸರ ಎದುರು ಕೂರುತ್ತಿದ್ದೆ. ಮೊದಲು ಸೊಪ್ಪಿನ ರೇಟು, ಆಮೇಲೆ ಅತ್ತೆ, ಆಮೇಲೆ ನಿಜವಾದ ವಿಷಯ, ಆಮೇಲೆ ಅಳು. ಗುಣ ಕೂಡಿದ್ದರೂ ಎಷ್ಟು ಸಲ ನೀನು ಹಾಳೆ ಮಡಚಿಟ್ಟು "ಇದು ಬೇಡ ಬಿಡಿ" ಎಂದು ಕಳಿಸಿಲ್ಲ! ಒಳಗಿನಿಂದ ನಾನು, ಎಂಥಾ ಡಬ್ಬಾ ಮೆಷೀನಪ್ಪಾ ಎಂದು ರೇಗುತ್ತಿದ್ದೆ. ಹುಡುಗಿಗೆ ಇಷ್ಟವಿಲ್ಲವೆಂದು ಅಕ್ಕವ್ವ ಹೇಳಬಂದಿದ್ದರೇನೋ, ನಾನು ಕೂರಿಸಿ ಕೇಳಲೇ ಇಲ್ಲ. ನನ್ನ ಮೇಲೆ ನನಗೇ ಅಸಹ್ಯವಾಗಿದೆ ಲಕ್ಷ್ಮೀ. ಹಳೆಯದನ್ನು ಗುಜರಿಗೆ ಹಾಕಿಲ್ಲ, ಮಂಚದ ಕೆಳಗಿದೆ.

ನಿಮ್ಮಕ್ಕನಿಗೆ ನನ್ನ ನಮಸ್ಕಾರ. ವೇಳೆಗೆ ಸರಿಯಾಗಿ ಊಟ ಮಾಡು, ನಿನ್ನ ಮಾತ್ರೆ ಮರೆಯಬೇಡ.

ಇಂತಿ ನಿನ್ನ,
ವೆಂಕಟಗಿರಿ

ಮರೆತೆ: ಫೋನಿನಲ್ಲಿ ಇದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈಗಲೇ ತುಮಕೂರಿಗೆ ಹೊರಟಿರುವ ನಿಮ್ಮಕ್ಕನ ಮಗ ಜೀವನ್ ಕೈಗೆ ಕಾಗದ ಕೊಡುತ್ತಿದ್ದೇನೆ. ಬೆಳಿಗ್ಗೆ ಅಕ್ಕವ್ವನಿಗೆ ಫೋನ್ ಮಾಡಿದ್ದೆ. ಅವರ ಗಂಡ ಎತ್ತಿ, "ನಾಡಿದ್ದೇ ತಾಂಬೂಲ ಸಾರ್, ನಿಮ್ಮ ಕಂಪ್ಯೂಟ್ರೇ ಒಪ್ಕೊಂಡ್ಮೇಲೆ ಇನ್ನೇನು" ಎಂದ. ನಾನು ಹೇಡಿ, ಹ್ಞೂಂ ಎಂದುಬಿಟ್ಟೆ. ನೀನು ಇವತ್ತೇ ಅಕ್ಕವ್ವನಿಗೆ ಫೋನ್ ಮಾಡು. "ನಮ್ಮ ಯಜಮಾನರು ಮೆಷೀನ್ ಬಿಚ್ಚಿ ಕೆಡಿಸಿದ್ದಾರೆ, ಅದು ಕೊಟ್ಟಿದ್ದೆಲ್ಲ ತಪ್ಪು, ನಾನು ಬರುವತನಕ ತಾಂಬೂಲ ತಡೆಯಿರಿ" ಎನ್ನು. ಆ ಗಂಡ ನನ್ನನ್ನು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ, ಜೋಡಿಸಲು ಬರದವನು ಜೋಡಿಸಿದೆ ಅಂತ.